ಐರ್ಲೆಂಡಿನ ವಂಶಾವಳಿ: ಹೆಸರು ಹಿಡಿದು ಹೊರಟವರು ಊರು ಮುಟ್ಟುವ ಬಗೆ

ಐರ್ಲೆಂಡ್ ದ್ವೀಪದಲ್ಲಿ 1841ರ ಜನಗಣತಿಯ ಹೊತ್ತಿಗೆ ಸುಮಾರು 82 ಲಕ್ಷ ಜನರಿದ್ದರು. ಅಷ್ಟು ಜನ ಅಲ್ಲಿ ಇಂದಿಗೂ ಇಲ್ಲ. ಡಬ್ಲಿನ್ ರಾಜಧಾನಿಯಾಗಿರುವ ಗಣರಾಜ್ಯವನ್ನೂ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡನ್ನೂ ಕೂಡಿಸಿದರೂ ಲೆಕ್ಕ 70 ಲಕ್ಷದ ಆಸುಪಾಸಿನಲ್ಲಿ ನಿಲ್ಲುತ್ತದೆ. 1845ರಲ್ಲಿ ಆಲೂಗಡ್ಡೆ ಬೆಳೆಗೆ ತಗುಲಿದ ರೋಗ, ಅದರ ಬೆನ್ನಿಗೇ ಬಂದ ವರ್ಷಾನುಗಟ್ಟಲೆಯ ಕ್ಷಾಮ, ಬಾಕಿ ಉಳಿದ ಗೇಣಿಗಾಗಿ ಒಕ್ಕಲುಗಳನ್ನು ಬೀದಿಗೆ ತಳ್ಳಿದ ಭೂಮಾಲೀಕರು, ಇವೆಲ್ಲ ಸೇರಿ ಸುಮಾರು 10 ಲಕ್ಷ ಜನರನ್ನು ಬಲಿ ತೆಗೆದುಕೊಂಡವು. ಅದಕ್ಕಿಂತಲೂ ಹೆಚ್ಚು ಜನ ಹಡಗು ಹತ್ತಿದರು. 1851ರ ಜನಗಣತಿ ನಡೆಯುವಾಗ ಉಳಿದಿದ್ದವರು ಸುಮಾರು 65 ಲಕ್ಷ. ಕ್ಷಾಮ ಮುಗಿದ ಮೇಲೂ ವಲಸೆ ನಿಲ್ಲದೆ, ಮನೆಯಲ್ಲಿ ಒಬ್ಬ ಮಗನಿಗೆ ಹೊಲ, ಒಬ್ಬಳು ಮಗಳಿಗೆ ವರದಕ್ಷಿಣೆ, ಉಳಿದವರಿಗೆ ಅಮೆರಿಕದ ಟಿಕೆಟ್ಟು ಎಂಬಂಥ ವ್ಯವಸ್ಥೆಯೇ ಹಳ್ಳಿಗಳಲ್ಲಿ ಬೇರೂರಿತು. ಹಾಗೆ ಹೋದವರ ಮೊಮ್ಮಕ್ಕಳು, ಮರಿಮಕ್ಕಳು ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಇಂಗ್ಲೆಂಡ್ ಮೊದಲಾದ ಕಡೆಗಳಿಂದ ತಮ್ಮ ಮೂಲವನ್ನು ಹುಡುಕತೊಡಗಿದ್ದರಿಂದ, ಐರಿಷ್ ವಂಶಾವಳಿಯ ಶೋಧ ಇಂದು ದಾಖಲೆ, ಬಂಧುಗಳ ನೆನಪು ಮತ್ತು ಡಿಎನ್‌ಎ ಪರೀಕ್ಷೆ ಎಂಬ ಮೂರು ಸಾಧನಗಳನ್ನು ಬಳಸುವ ಒಂದು ಶಿಸ್ತಾಗಿ ಬೆಳೆದಿದೆ.

ಹುಡುಕಾಟಕ್ಕೆ ಹೊರಡುವವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಒಂದು ಹೆಸರು ಮತ್ತು ಒಂದು ದೇಶ ಮಾತ್ರ: ಪ್ಯಾಟ್ರಿಕ್ ಮರ್ಫಿ, ಐರ್ಲೆಂಡ್. ಇಷ್ಟರಿಂದ ಏನೂ ಆಗದು. ಮರ್ಫಿ, ಕೆಲ್ಲಿ, ಸಲಿವನ್, ವಾಲ್ಷ್ ಮುಂತಾದ ಕೆಲವೇ ಮನೆತನದ ಹೆಸರುಗಳು ಲಕ್ಷಾಂತರ ಜನರಿಗೆ ಹಂಚಿಹೋಗಿರುವ ನಾಡು ಅದು. ಅದರ ಮೇಲೆ, ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು, ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರು, ಎರಡನೆಯವಳಿಗೆ ತಂದೆಯ ತಾಯಿಯ ಹೆಸರು ಇಡುವ ರೂಢಿ ವ್ಯಾಪಕವಾಗಿತ್ತು. ಈ ರೂಢಿ ಶೋಧಕರಿಗೆ ಒಂದು ಕಡೆಯಿಂದ ನೆರವಾಗುತ್ತದೆ, ಏಕೆಂದರೆ ಮಕ್ಕಳ ಹೆಸರುಗಳ ಸರಣಿಯಿಂದ ಅಜ್ಜ-ಅಜ್ಜಿಯರ ಹೆಸರನ್ನು ಊಹಿಸಬಹುದು. ಇನ್ನೊಂದು ಕಡೆಯಿಂದ ಅದೇ ಗೊಂದಲದ ಮೂಲವೂ ಹೌದು, ಏಕೆಂದರೆ ಐವರು ಅಣ್ಣತಮ್ಮಂದಿರು ತಮ್ಮ ತಮ್ಮ ಹಿರಿಮಗನಿಗೆ ಒಬ್ಬನೇ ಅಜ್ಜನ ಹೆಸರಿಟ್ಟರೆ, ಒಂದೇ ಹಳ್ಳಿಯಲ್ಲಿ ಹೆಚ್ಚುಕಡಿಮೆ ಒಂದೇ ವಯಸ್ಸಿನ ಐವರು ಪ್ಯಾಟ್ರಿಕ್ ಮರ್ಫಿಗಳು ಓಡಾಡುತ್ತಾರೆ. ಮನೆತನದ ಹೆಸರಿಗೆ ಮುಂಚೆ ಬರುವ ‘ಓ’ ಮತ್ತು ‘ಮ್ಯಾಕ್’ಗಳನ್ನು ಇಂಗ್ಲಿಷರ ಆಳ್ವಿಕೆಯಲ್ಲಿ ಬಿಟ್ಟು, ರಾಷ್ಟ್ರೀಯತೆಯ ಅಲೆ ಎದ್ದಾಗ ಮತ್ತೆ ಸೇರಿಸಿಕೊಂಡ ಕುಟುಂಬಗಳೂ ಬಹಳ. ಹೀಗಾಗಿ ಐರಿಷ್ ವಂಶಾವಳಿಯ ಪಳಗಿದ ಶೋಧಕರು ಹೆಸರಿಗಿಂತ ಊರಿಗೆ ಹೆಚ್ಚು ಬೆಲೆ ಕೊಡುತ್ತಾರೆ. ಊರು ಸಿಕ್ಕಿತೆಂದರೆ ಹೆಸರು ತಾನಾಗಿ ಬೆನ್ನಟ್ಟಿ ಬರುತ್ತದೆ, ಊರಿಲ್ಲದ ಹೆಸರು ಎಲ್ಲಿಗೂ ಒಯ್ಯುವುದಿಲ್ಲ ಎಂಬುದು ಅವರ ಅನುಭವ.

ಊರು ಎಂದರೆ ಇಲ್ಲಿ ‘ಟೌನ್‌ಲ್ಯಾಂಡ್’. ಹೆಸರಿನಲ್ಲಿ ‘ಟೌನ್’ ಇದ್ದರೂ ಇದು ಪಟ್ಟಣವಲ್ಲ. ಕೆಲವು ಹೊಲಗಳು, ಒಂದಿಷ್ಟು ಮನೆಗಳು ಸೇರಿದ, ಹಲವು ಶತಮಾನಗಳಿಂದ ಗಡಿ ಮತ್ತು ಹೆಸರು ಉಳಿಸಿಕೊಂಡು ಬಂದಿರುವ ಭೂಮಿಯ ಅತಿ ಸಣ್ಣ ಘಟಕ. ಇಡೀ ದ್ವೀಪದಲ್ಲಿ ಇಂಥವು 60 ಸಾವಿರಕ್ಕೂ ಹೆಚ್ಚು. ಟೌನ್‌ಲ್ಯಾಂಡುಗಳು ಸೇರಿ ಪ್ಯಾರಿಷ್ ಆಗುತ್ತದೆ, ಪ್ಯಾರಿಷ್‌ಗಳು ಬ್ಯಾರನಿ ಎಂಬ ವಿಭಾಗಕ್ಕೂ ಕೌಂಟಿ ಎಂಬ ಜಿಲ್ಲೆಗೂ ಸೇರುತ್ತವೆ. ದ್ವೀಪದಲ್ಲಿರುವ ಕೌಂಟಿಗಳು 32. ತೊಡಕೇನೆಂದರೆ, ಪ್ಯಾರಿಷ್ ಎಂಬುದು ಸರ್ಕಾರಿ ಲೆಕ್ಕದಲ್ಲಿ ಒಂದು, ಕ್ಯಾಥೊಲಿಕ್ ಚರ್ಚಿನ ಲೆಕ್ಕದಲ್ಲಿ ಇನ್ನೊಂದು. ಎರಡರ ಗಡಿಗಳು ಹೊಂದುವುದು ಅಪರೂಪ. 19ನೆಯ ಶತಮಾನದಲ್ಲಿ ಬಡವರ ಪೋಷಣೆಗೆಂದು ರಚಿಸಿದ ‘ಪೂರ್ ಲಾ ಯೂನಿಯನ್’ ಎಂಬ ಮತ್ತೊಂದು ವಿಭಾಗವಿದೆ. ಜನನ-ಮರಣ ನೋಂದಣಿ ನಡೆದದ್ದು ಇದರ ಆಧಾರದ ಮೇಲೆ, ಮತ್ತು ಇದು ಕೌಂಟಿಯ ಗಡಿಯನ್ನು ದಾಟಿ ಹರಡಿಕೊಳ್ಳುವುದೂ ಉಂಟು. ಒಂದೇ ಟೌನ್‌ಲ್ಯಾಂಡಿನ ಮನೆಯೊಂದರ ಮದುವೆ, ಹೊಲ, ಸಾವು ಮೂರು ಬೇರೆ ಬೇರೆ ವಿಭಾಗಗಳ ಪುಸ್ತಕಗಳಲ್ಲಿ ದಾಖಲಾಗಿರುವುದರಿಂದ, 1851ರ ಜನಗಣತಿಯ ಆಧಾರದ ಮೇಲೆ ಅಚ್ಚಾದ ಟೌನ್‌ಲ್ಯಾಂಡುಗಳ ಅಕಾರಾದಿ ಸೂಚಿಯನ್ನು ಕೈಗೆತ್ತಿಕೊಳ್ಳದೆ ಯಾರೂ ಮುಂದೆ ಹೋಗಲಾರರು.

ಐರಿಷ್ ದಾಖಲೆಗಳ ಮಾತು ಬಂದ ಕೂಡಲೇ ಎಲ್ಲವೂ ಸುಟ್ಟುಹೋಗಿದೆಯಲ್ಲ ಎಂಬ ನಿರಾಶೆಯ ಮಾತು ಕೇಳಿಬರುತ್ತದೆ. ಅದು ಅರ್ಧ ಸತ್ಯ. ಅಂತರ್ಯುದ್ಧದ ಮೊದಲ ವಾರದಲ್ಲಿ, 1922ರ ಜೂನ್ 30ರಂದು, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯ ಸಮುಚ್ಚಯಕ್ಕೆ ಸೇರಿದ್ದ ಸಾರ್ವಜನಿಕ ದಾಖಲೆಗಳ ಕಚೇರಿ ಸ್ಫೋಟ ಮತ್ತು ಬೆಂಕಿಗೆ ತುತ್ತಾಗಿ, ಏಳು ಶತಮಾನಗಳ ಕಾಗದಪತ್ರ ಬೂದಿಯಾಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಮನೆವಾರು ಹಾಳೆಗಳಲ್ಲಿ ಕೆಲವು ತುಣುಕುಗಳನ್ನು ಬಿಟ್ಟರೆ ಉಳಿದವೆಲ್ಲ ಅಲ್ಲಿ ನಾಶವಾದವು. ಮೂಲ ಉಯಿಲುಗಳೂ ಹೋದವು. ಆದರೆ 1861 ಮತ್ತು 1871ರ ಹಾಳೆಗಳನ್ನು ಎಣಿಕೆ ಮುಗಿದ ಮೇಲೆ ಸರ್ಕಾರವೇ ನಾಶ ಮಾಡಿಸಿತ್ತು, 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದದ ತಿರುಳಾಗಿ ಹೋಗಿದ್ದವು. ಅಂದರೆ ಬಂದೂಕಿನಷ್ಟೇ ಹಾನಿಯನ್ನು ಗುಮಾಸ್ತರ ಲೇಖನಿಯೂ ಮಾಡಿದೆ. ಪ್ರಾಟೆಸ್ಟೆಂಟ್ ಪಂಗಡವಾದ ಚರ್ಚ್ ಆಫ್ ಐರ್ಲೆಂಡ್ ಬಹುಕಾಲ ರಾಜಮಾನ್ಯ ಧರ್ಮವಾಗಿದ್ದುದರಿಂದ ಅದರ ಜ್ಞಾನಸ್ನಾನ, ಮದುವೆ, ಸಮಾಧಿಯ ಪುಸ್ತಕಗಳು ಸರ್ಕಾರಿ ದಾಖಲೆಗಳೆಂದು ಪರಿಗಣಿತವಾಗಿ, ಸಾವಿರದಷ್ಟು ಪ್ಯಾರಿಷ್‌ಗಳ ಪುಸ್ತಕಗಳು ಸುರಕ್ಷತೆಗೆಂದೇ ಡಬ್ಲಿನ್ನಿಗೆ ಬಂದು ಅಲ್ಲೇ ಸುಟ್ಟವು; ಸರ್ಕಾರ ಲೆಕ್ಕಕ್ಕೇ ತೆಗೆದುಕೊಳ್ಳದ ಬಹುಸಂಖ್ಯಾತ ಕ್ಯಾಥೊಲಿಕರ ಪುಸ್ತಕಗಳು ಹಳ್ಳಿಯ ಚರ್ಚುಗಳ ಕಪಾಟಿನಲ್ಲಿ ಉಳಿದುಕೊಂಡವು. ಬೆಂಕಿಯ ನೂರನೆಯ ವರ್ಷವಾದ 2022ರಲ್ಲಿ, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ನೇತೃತ್ವದಲ್ಲಿ, ಸುಟ್ಟುಹೋದ ದಾಖಲೆಗಳ ಪ್ರತಿಗಳನ್ನೂ ಟಿಪ್ಪಣಿಗಳನ್ನೂ ಜಗತ್ತಿನ ನಾನಾ ಗ್ರಂಥಾಲಯಗಳಿಂದ ಕಲೆಹಾಕಿ ‘ವರ್ಚುವಲ್ ರೆಕಾರ್ಡ್ ಟ್ರೆಷರಿ ಆಫ್ ಐರ್ಲೆಂಡ್’ ಎಂಬ ಡಿಜಿಟಲ್ ಭಂಡಾರ ತೆರೆಯಿತು. ಇದಕ್ಕೆ ಆಧಾರವಾದದ್ದು, ಆ ಕಚೇರಿಯಲ್ಲಿ ಏನೇನಿತ್ತೆಂದು ಹರ್ಬರ್ಟ್ ವುಡ್ ಎಂಬ ಅಧಿಕಾರಿ 1919ರಲ್ಲಿ, ಅಂದರೆ ಬೆಂಕಿಗೆ ಮೂರೇ ವರ್ಷ ಮುಂಚೆ, ಅಚ್ಚು ಹಾಕಿಸಿದ್ದ ವಿವರಪಟ್ಟಿ.

ಸುಟ್ಟ ಜನಗಣತಿಯ ಒಂದು ಪಾಲು ಮಾತ್ರ ವಿಚಿತ್ರ ದಾರಿಯಲ್ಲಿ ಬದುಕಿಕೊಂಡಿದೆ. 1908ರ ವೃದ್ಧಾಪ್ಯ ವೇತನದ ಕಾನೂನಿನಂತೆ 1909ರ ಜನವರಿಯಿಂದ 70 ವರ್ಷ ತುಂಬಿದ ಬಡವರಿಗೆ ವಾರಕ್ಕೆ ಗರಿಷ್ಠ 5 ಷಿಲ್ಲಿಂಗ್ ಸಿಗತೊಡಗಿತು. ಆದರೆ ಆ ವಯಸ್ಸಿನವರು ಹುಟ್ಟಿದಾಗ ಜನನ ನೋಂದಣಿಯೇ ಇರಲಿಲ್ಲ. ವಯಸ್ಸನ್ನು ಸಾಬೀತುಪಡಿಸಲು ಅವರು ತಂದೆಯ ಹೆಸರು, ತಾಯಿಯ ತವರಿನ ಹೆಸರು, ಬಾಲ್ಯ ಕಳೆದ ಟೌನ್‌ಲ್ಯಾಂಡು ಇವನ್ನು ಬರೆದು ಅರ್ಜಿ ಹಾಕಿದರೆ, ಕಚೇರಿಯ ಸಿಬ್ಬಂದಿ ಆಗಿನ್ನೂ ಭದ್ರವಾಗಿದ್ದ 1841 ಅಥವಾ 1851ರ ಹಾಳೆಗಳನ್ನು ತೆರೆದು ಹುಡುಕಿ ಫಲಿತಾಂಶ ಗುರುತಿಸುತ್ತಿದ್ದರು. ಮೂಲ ಹಾಳೆ ಸುಟ್ಟರೂ ಈ ಅರ್ಜಿಗಳು ಉಳಿದವು. ಯಾವ ಕಾಗದವೂ ಸಿಗದವರಿಗೆ ಇನ್ನೊಂದು ಪರೀಕ್ಷೆಯಿತ್ತು: 1839ರ ಜನವರಿ 6ರ ರಾತ್ರಿ ದ್ವೀಪವನ್ನೆಲ್ಲ ಬುಡಮೇಲು ಮಾಡಿದ ‘ಮಹಾಗಾಳಿ’ಯನ್ನು ಕಂಡ ನೆನಪಿದೆಯೇ ಎಂದು ಅಧಿಕಾರಿಗಳು ಕೇಳುತ್ತಿದ್ದರು. ನೆನಪಿದೆ ಎಂದವರ ಸಂಖ್ಯೆ ಅಧಿಕಾರಿಗಳನ್ನೇ ಬೆರಗುಗೊಳಿಸುವಷ್ಟಿತ್ತು. 1901ರ ಜನಗಣತಿಯಲ್ಲಿ 56 ಎಂದು ಬರೆಸಿದವರು 1911ರಲ್ಲಿ 70 ದಾಟಿರುವಂಥ ಉದಾಹರಣೆಗಳಿಗೆ ಕಾರಣವೂ ಈ 5 ಷಿಲ್ಲಿಂಗುಗಳೇ. ಹಾಗಾಗಿ ಆ ಕಾಲದ ದಾಖಲೆಯಲ್ಲಿ ಕಾಣುವ ವಯಸ್ಸನ್ನು ಹುಟ್ಟಿದ ವರ್ಷದ ಪುರಾವೆಯೆಂದು ಸ್ವೀಕರಿಸದೆ, ಹತ್ತು ವರ್ಷ ಅತ್ತಿತ್ತ ಇರಬಹುದೆಂಬ ಎಚ್ಚರದಿಂದಲೇ ಓದಬೇಕಾಗುತ್ತದೆ.

ಇಂದು ಶೋಧ ಆರಂಭವಾಗುವುದು ಇತ್ತೀಚಿನದರಿಂದ ಹಿಂದಕ್ಕೆ. 1901 ಮತ್ತು 1911ರ ಜನಗಣತಿಗಳು ಪೂರ್ತಿಯಾಗಿ ಉಳಿದಿವೆ, ರಾಷ್ಟ್ರೀಯ ದಾಖಲೆಗಳ ಸಂಸ್ಥೆ ಅವನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ. ಹುಟ್ಟಿದ ಸ್ಥಳದ ಅಂಕಣದಲ್ಲಿ ಕೌಂಟಿಯ ಹೆಸರಷ್ಟೇ ಇದ್ದರೂ ಹಾಳೆಗಳನ್ನು ಟೌನ್‌ಲ್ಯಾಂಡಿನ ಪ್ರಕಾರ ಜೋಡಿಸಿರುವುದರಿಂದ ನೆರೆಮನೆಗಳಲ್ಲಿ ಯಾರಿದ್ದರೆಂಬುದೂ ತಿಳಿಯುತ್ತದೆ. 1911ರ ಹಾಳೆಯಲ್ಲಿ ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂಬ ಪ್ರಶ್ನೆಗಳೂ ಇದ್ದವು. 1921ರಲ್ಲಿ ಸ್ವಾತಂತ್ರ್ಯ ಯುದ್ಧದ ಕಾರಣ ಜನಗಣತಿ ನಡೆಯಲಿಲ್ಲ. ಸ್ವತಂತ್ರ ರಾಷ್ಟ್ರದ ಮೊದಲ ಜನಗಣತಿ 1926ರದು, ಮತ್ತು ಕಾನೂನಿನ ಪ್ರಕಾರ ಮನೆವಾರು ವಿವರ 100 ವರ್ಷ ಗೋಪ್ಯ.

ಜನನ, ಮರಣ, ಮದುವೆಗಳ ಸರ್ಕಾರಿ ನೋಂದಣಿ ಎಲ್ಲರಿಗೂ ಅನ್ವಯವಾದದ್ದು 1864ರಿಂದ. ಕ್ಯಾಥೊಲಿಕರದಲ್ಲದ ಮದುವೆಗಳ ನೋಂದಣಿ ಮಾತ್ರ 1845ರಲ್ಲೇ ಆರಂಭವಾಗಿತ್ತು. 100 ವರ್ಷ ಹಳೆಯ ಜನನ, 75 ವರ್ಷ ಹಳೆಯ ಮದುವೆ, 50 ವರ್ಷ ಹಳೆಯ ಮರಣದ ಮೂಲ ಪುಟಗಳ ಚಿತ್ರಗಳು ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಇಲ್ಲಿಯೂ ಒಂದು ಸ್ವಾರಸ್ಯವಿದೆ. ನಿಗದಿತ ಅವಧಿ ಮೀರಿ ಜನನ ನೋಂದಾಯಿಸಿದರೆ ದಂಡ ತೆರಬೇಕಾಗಿದ್ದುದರಿಂದ, ತಡವಾಗಿ ಹೋದ ತಂದೆತಾಯಿಗಳು ಮಗು ಹುಟ್ಟಿದ ದಿನವನ್ನೇ ಮುಂದಕ್ಕೆ ಹಾಕಿ ಬರೆಸುತ್ತಿದ್ದರು. ಇದರಿಂದಾಗಿ ಚರ್ಚಿನ ಪುಸ್ತಕದ ಪ್ರಕಾರ ಮಗು ಹುಟ್ಟುವುದಕ್ಕೆ ಮೊದಲೇ ಜ್ಞಾನಸ್ನಾನ ಪಡೆದಂತೆ ಕಾಣುವ ದಾಖಲೆಗಳು ಸಾಕಷ್ಟಿವೆ. ಇಂಥಲ್ಲಿ ಚರ್ಚಿನ ತಾರೀಖನ್ನೇ ನಂಬುವುದು ಕ್ಷೇಮ.

1864ಕ್ಕಿಂತ ಹಿಂದಕ್ಕೆ ಹೋಗಲು ಬಹುತೇಕ ಕುಟುಂಬಗಳಿಗೆ ಇರುವ ಮುಖ್ಯ ದಾರಿ ಕ್ಯಾಥೊಲಿಕ್ ಚರ್ಚಿನ ಪುಸ್ತಕಗಳು. ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 20ನೆಯ ಶತಮಾನದ ಮಧ್ಯಭಾಗದಿಂದ ಸಾವಿರಕ್ಕೂ ಹೆಚ್ಚು ಪ್ಯಾರಿಷ್‌ಗಳಲ್ಲಿ ಸುಮಾರು 1880ರವರೆಗಿನ ಪುಟಗಳನ್ನು ಮೈಕ್ರೋಫಿಲ್ಮ್ ಮಾಡಿತ್ತು. 2015ರಲ್ಲಿ ಆ ಚಿತ್ರಗಳನ್ನೆಲ್ಲ ಅಂತರ್ಜಾಲಕ್ಕೆ ಏರಿಸಿತು. ಪಟ್ಟಣಗಳ ಪುಸ್ತಕಗಳು 18ನೆಯ ಶತಮಾನಕ್ಕೂ ಹೋಗುತ್ತವೆ. ಪಶ್ಚಿಮದ ಬಡ ಪ್ಯಾರಿಷ್‌ಗಳಲ್ಲಿ 1820ರ ದಶಕಕ್ಕಿಂತ ಹಿಂದಿನದು ದೊರೆತರೆ ಪುಣ್ಯ, ಕೆಲವೆಡೆ ಕ್ಷಾಮದ ನಂತರವೇ ಬರವಣಿಗೆ ಶುರುವಾಗಿದೆ. ಕ್ಯಾಥೊಲಿಕರ ಭೂಮಿ, ವಿದ್ಯೆ, ಪೂಜೆಗಳ ಮೇಲೆ ನಿರ್ಬಂಧ ಹೇರಿದ್ದ ಕಾನೂನುಗಳ ಕಾಲದಲ್ಲಿ ಪಾದ್ರಿಗಳಿಗೆ ಸರಿಯಾದ ಚರ್ಚು ಕಟ್ಟಡವೇ ಇರಲಿಲ್ಲವೆಂದ ಮೇಲೆ ಪುಸ್ತಕ ಇಡುವ ಮಾತು ದೂರವೇ ಉಳಿಯಿತು. ಬರೆದದ್ದೂ ಹಲವು ಕಡೆ ಲ್ಯಾಟಿನ್ನಿನಲ್ಲಿ, ಮಸಿ ಹರಡಿದ ಕಾಗದದಲ್ಲಿ, ಅವಸರದ ಕೈಬರಹದಲ್ಲಿ. ಜೇಮ್ಸ್ ಅಲ್ಲಿ ಯಾಕೋಬುಸ್ ಆಗಿರುತ್ತಾನೆ, ವಿಲಿಯಂ ಗುಲಿಯೆಲ್ಮುಸ್ ಆಗಿರುತ್ತಾನೆ. ಅನನುಭವಿಗಳು ಮಗು ಮತ್ತು ತಂದೆತಾಯಿಗಳ ಹೆಸರನ್ನಷ್ಟೇ ನಕಲು ಮಾಡಿಕೊಂಡು ಮುಂದಿನ ಪುಟಕ್ಕೆ ಹೋಗುವುದುಂಟು. ಆದರೆ ಅದೇ ಸಾಲಿನಲ್ಲಿರುವ ಜ್ಞಾನತಂದೆ, ಜ್ಞಾನತಾಯಿಯರ ಹೆಸರುಗಳಿಗೆ ಕಡಿಮೆ ಬೆಲೆಯಿಲ್ಲ, ಏಕೆಂದರೆ ಆ ಸ್ಥಾನಕ್ಕೆ ಸಾಮಾನ್ಯವಾಗಿ ಕರೆಯುತ್ತಿದ್ದುದು ಮಗುವಿನ ಸೋದರಮಾವ, ಚಿಕ್ಕಪ್ಪ, ಅತ್ತೆ, ಚಿಕ್ಕಮ್ಮಂದಿರನ್ನು. ಇಬ್ಬರು ಪ್ಯಾಟ್ರಿಕ್ ಮರ್ಫಿಗಳ ಮಕ್ಕಳನ್ನು ಬೇರ್ಪಡಿಸಲು ಹಲವೊಮ್ಮೆ ಈ ಹೆಸರುಗಳ ಹೊರತು ಬೇರೆ ಆಧಾರವೇ ಇರುವುದಿಲ್ಲ.

ಜನಗಣತಿ ಇಲ್ಲದ ಕಾಲಕ್ಕೆ ಭೂಮಿಯ ಲೆಕ್ಕವೇ ಜನಗಣತಿ. ಚರ್ಚ್ ಆಫ್ ಐರ್ಲೆಂಡಿಗೆ ಎಲ್ಲ ಮತದವರೂ ತೆರಬೇಕಾಗಿದ್ದ ದಶಾಂಶ ತೆರಿಗೆಯ ಪುಸ್ತಕಗಳು 1823ರಿಂದ 1837ರ ನಡುವಿನವು. ಇವುಗಳಿಗಿಂತ ಹೆಚ್ಚು ಉಪಯುಕ್ತವಾದದ್ದು ರಿಚರ್ಡ್ ಗ್ರಿಫಿತ್ ಎಂಬ ಭೂವಿಜ್ಞಾನಿಯ ಮೇಲ್ವಿಚಾರಣೆಯಲ್ಲಿ 1847ರಿಂದ 1864ರವರೆಗೆ ಪ್ರಕಟವಾದ ಆಸ್ತಿ ಮೌಲ್ಯಮಾಪನ. ತೆರಿಗೆ ನಿಗದಿಗೆಂದು ಪ್ರತಿ ಟೌನ್‌ಲ್ಯಾಂಡಿನ ಪ್ರತಿ ಹೊಲ-ಮನೆಯಲ್ಲಿ ಸಾಗುವಳಿ ಮಾಡುತ್ತಿರುವವರು ಯಾರು, ಅವರಿಗೆ ಗೇಣಿಗೆ ಕೊಟ್ಟವರು ಯಾರು, ವಿಸ್ತೀರ್ಣ ಮತ್ತು ಬೆಲೆ ಎಷ್ಟು ಎಂಬುದನ್ನು ಅದು ಪಟ್ಟಿ ಮಾಡಿದೆ, ಪಟ್ಟಿಗೆ ಹೊಂದುವ ನಕಾಶೆಯೂ ಉಂಟು. ಒಂದೇ ಹೆಸರಿನವರು ಇಬ್ಬರಿದ್ದರೆ ತಂದೆಯ ಹೆಸರನ್ನೋ ಕಸುಬನ್ನೋ ಕೂದಲಿನ ಬಣ್ಣವನ್ನೋ ಸೇರಿಸಿ ಬರೆದ ಕಡೆಗಳೂ ಇವೆ. ಕೆಂಪು ಕೂದಲಿನ ಜಾನ್ ಸಲಿವನ್ ಹೀಗೆ ಸರ್ಕಾರಿ ಪುಸ್ತಕದಲ್ಲೇ ‘ಕೆಂಪ’ನಾಗಿ ಉಳಿದಿದ್ದಾನೆ. ಮುಂದೆ ಸಾಗುವಳಿದಾರ ಬದಲಾದಾಗಲೆಲ್ಲ ಹಳೆಯ ಹೆಸರನ್ನು ಹೊಡೆದುಹಾಕಿ ಬೇರೆ ಬಣ್ಣದ ಮಸಿಯಲ್ಲಿ ಹೊಸ ಹೆಸರು ಮತ್ತು ವರ್ಷ ಬರೆಯುತ್ತಿದ್ದ ಪರಿಷ್ಕರಣ ಪುಸ್ತಕಗಳನ್ನು ಇದರೊಂದಿಗೆ ಸೇರಿಸಿ ಓದಿದರೆ, ಹೊಲ ತಂದೆಯಿಂದ ಮಗನಿಗೋ ವಿಧವೆಗೋ ಅಳಿಯನಿಗೋ ಯಾವ ವರ್ಷ ಹೋಯಿತು ಎಂಬುದು ಗೊತ್ತಾಗುತ್ತದೆ, ಅಂದರೆ ಸಾವು ಅಥವಾ ವಲಸೆ ಯಾವಾಗ ಸಂಭವಿಸಿರಬಹುದು ಎಂಬುದೂ ಗೊತ್ತಾಗುತ್ತದೆ. ತಾಳ್ಮೆಯಿರುವವರು ಈ ಸರಪಳಿಯನ್ನು ಹಿಡಿದು ಮುತ್ತಜ್ಜನ ಹೊಲವನ್ನು ಇಂದು ಉಳುತ್ತಿರುವವರ ಮನೆಬಾಗಿಲಿಗೇ ತಲುಪಿದ್ದಾರೆ. ಅಲ್ಲಿರುವವರು ಎಷ್ಟೋ ವೇಳೆ ದಾಯಾದಿಗಳೇ ಆಗಿರುತ್ತಾರೆ.

ಇಷ್ಟೆಲ್ಲ ಸಾಧ್ಯವಾಗುವುದು ಟೌನ್‌ಲ್ಯಾಂಡಿನ ಹೆಸರು ಗೊತ್ತಿದ್ದರೆ ಮಾತ್ರ, ಮತ್ತು ಆ ಹೆಸರು ಸಿಗುವುದು ಹೆಚ್ಚಾಗಿ ಐರ್ಲೆಂಡಿನಲ್ಲಲ್ಲ, ವಲಸೆ ಹೋದ ದೇಶದಲ್ಲಿ. ನ್ಯೂಯಾರ್ಕಿನಲ್ಲಿ 1850ರಲ್ಲಿ ಐರಿಷ್ ವಲಸಿಗರ ಉಳಿತಾಯಕ್ಕೆಂದೇ ಆರಂಭವಾದ ಎಮಿಗ್ರಂಟ್ ಸೇವಿಂಗ್ಸ್ ಬ್ಯಾಂಕು, ಓದುಬರಹ ಬಾರದ ಗ್ರಾಹಕರನ್ನು ಗುರುತಿಸಲು ಅವರ ಹುಟ್ಟೂರು, ಬಂದ ಹಡಗು, ತಂದೆತಾಯಿ, ಒಡಹುಟ್ಟಿದವರ ವಿವರಗಳನ್ನು ಕೇಳಿ ಬರೆದುಕೊಳ್ಳುತ್ತಿತ್ತು. ಹಣ ತೆಗೆಯಲು ಬಂದವರಿಗೆ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿ ಖಾತ್ರಿಪಡಿಸಿಕೊಳ್ಳುವುದು ಉದ್ದೇಶ. ಬಾಸ್ಟನ್ನಿನ ‘ಪೈಲಟ್’ ಪತ್ರಿಕೆ 1831ರಿಂದ 1921ರವರೆಗೆ, ಕಾಣೆಯಾದ ಬಂಧುಗಳನ್ನು ಹುಡುಕುವ ಜಾಹೀರಾತುಗಳನ್ನು ಪ್ರಕಟಿಸಿತು. ಅಕ್ಕ ತಮ್ಮನನ್ನು, ಹೆಂಡತಿ ಗಂಡನನ್ನು ಹುಡುಕುತ್ತ ಹಾಕಿಸಿದ ಆ ನಾಲ್ಕು ಸಾಲುಗಳಲ್ಲಿ ಕೌಂಟಿ, ಪ್ಯಾರಿಷ್, ಊರು, ಕೊನೆಯ ಬಾರಿ ಕೆಲಸ ಮಾಡುತ್ತಿದ್ದ ರೈಲುಮಾರ್ಗ ಎಲ್ಲವೂ ಇರುತ್ತಿದ್ದವು, ಏಕೆಂದರೆ ಬೇರೊಬ್ಬ ಪ್ಯಾಟ್ರಿಕ್ ಮರ್ಫಿಯ ಉತ್ತರ ಬರಬಾರದೆಂಬ ಎಚ್ಚರ ಅವರಿಗೂ ಇತ್ತು. ಗೋರಿಕಲ್ಲು, ಪತ್ರಿಕೆಯ ನಿಧನವಾರ್ತೆ, ಪೌರತ್ವದ ಅರ್ಜಿ, ಚರ್ಚಿನ ಮದುವೆ ಪುಸ್ತಕ ಇವೂ ಇದೇ ಕೆಲಸಕ್ಕೆ ಬರುತ್ತವೆ.

ಹೆಸರನ್ನು ಮಾತ್ರ ನಂಬಿದರೆ ಏನಾಗುತ್ತದೆಂಬುದಕ್ಕೆ ಆ್ಯನಿ ಮೂರ್ ಪ್ರಕರಣ ಸಾಕ್ಷಿ. ನ್ಯೂಯಾರ್ಕಿನ ಎಲ್ಲಿಸ್ ಐಲೆಂಡ್ ವಲಸೆ ಕೇಂದ್ರ 1892ರ ಜನವರಿ 1ರಂದು ತೆರೆದಾಗ ಮೊದಲು ನೋಂದಾಯಿತಳಾದವಳು ಕಾರ್ಕ್ ಪ್ರದೇಶದಿಂದ ಇಬ್ಬರು ತಮ್ಮಂದಿರೊಂದಿಗೆ ಬಂದ ಈ ಹುಡುಗಿ. ಆಕೆ ಪಶ್ಚಿಮಕ್ಕೆ ಹೋಗಿ ಟೆಕ್ಸಾಸಿನಲ್ಲಿ ಬಾಳಿ, 1923ರಲ್ಲಿ ಅಪಘಾತದಲ್ಲಿ ತೀರಿಕೊಂಡಳೆಂಬ ಕಥೆ ಪುಸ್ತಕಗಳಲ್ಲೂ ಸಮಾರಂಭಗಳಲ್ಲೂ ದಶಕಗಳ ಕಾಲ ನಡೆದುಬಂತು. ಅಮೆರಿಕದ ವಂಶಾವಳಿ ತಜ್ಞೆ ಮೇಗನ್ ಸ್ಮೊಲೆನ್ಯಾಕ್ ದಾಖಲೆಗಳನ್ನು ಪರಿಶೀಲಿಸಿದಾಗ ಟೆಕ್ಸಾಸಿನ ಆ್ಯನಿ ಮೂರ್ ವಲಸಿಗಳೇ ಅಲ್ಲ, ಇಲಿನಾಯ್ ರಾಜ್ಯದಲ್ಲೇ ಹುಟ್ಟಿದವಳು ಎಂಬುದು ಹೊರಬಿತ್ತು. ಹಡಗಿನಿಂದಿಳಿದ ಆ್ಯನಿ ನ್ಯೂಯಾರ್ಕಿನ ಬಡ ಬಡಾವಣೆಯಲ್ಲೇ ಉಳಿದು, ಮೀನುಮಾರುಕಟ್ಟೆಯಲ್ಲಿ ದುಡಿಯುತ್ತಿದ್ದವನನ್ನು ಮದುವೆಯಾಗಿ, ಹಲವು ಮಕ್ಕಳನ್ನು ಹೆತ್ತು, ಅವರಲ್ಲಿ ಅರ್ಧದಷ್ಟನ್ನು ಎಳೆತನದಲ್ಲೇ ಕಳೆದುಕೊಂಡು 1924ರಲ್ಲಿ ತೀರಿಕೊಂಡಿದ್ದಳು. 2006ರಲ್ಲಿ ಈ ಶೋಧ ಪ್ರಕಟವಾಯಿತು. ಕಲ್ಲೂ ಇಲ್ಲದಿದ್ದ ಆಕೆಯ ಸಮಾಧಿಗೆ ಎರಡು ವರ್ಷಗಳ ನಂತರ ಕಲ್ಲು ಬಂತು. ಇದೇ ಸ್ಮೊಲೆನ್ಯಾಕ್ ಬರಾಕ್ ಒಬಾಮ ಅವರ ತಾಯಿಯ ಕಡೆಯ ಐದು ತಲೆಮಾರು ಹಿಂದಿನ ಫಾಲ್ಮತ್ ಕಿಯರ್ನಿ 1850ರಲ್ಲಿ ಆಫಲಿ ಕೌಂಟಿಯ ಮನಿಗಾಲ್ ಎಂಬ ಊರಿನಿಂದ ಹೊರಟ ಚಮ್ಮಾರನ ಮಗನೆಂದು ಗುರುತಿಸಿದರು. ಫಾಲ್ಮತ್ ಎಂಬ ಅಪರೂಪದ ಹೆಸರು ಅಲ್ಲಿ ಕೆಲಸ ಹಗುರ ಮಾಡಿತು, ಸ್ಥಳೀಯ ಪ್ರಾಟೆಸ್ಟೆಂಟ್ ಚರ್ಚಿನ ಪುಸ್ತಕಗಳು ಅದೃಷ್ಟವಶಾತ್ ಉಳಿದಿದ್ದವು.

ಬಂಧುಗಳ ನೆನಪು ಶೋಧದ ಮೊದಲ ಮೆಟ್ಟಿಲು ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ, ಮತ್ತು ಅದು ನಿಜ: ಮನೆಯ ಹಿರಿಯರು ಬದುಕಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳದಿದ್ದರೆ ಮತ್ತೆ ಅವಕಾಶವಿಲ್ಲ. ನಮ್ಮಲ್ಲಿ ಎತ್ತನ್ನೇರಿ ಮನೆಬಾಗಿಲಿಗೆ ಬಂದು ವಂಶದ ಹೆಸರುಗಳನ್ನು ಹೇಳುವ ಹೆಳವರಂತೆ, ಹಳೆಯ ಐರ್ಲೆಂಡಿನಲ್ಲೂ ವಂಶಾವಳಿಯನ್ನೇ ಕುಲಕಸುಬಾಗಿ ಮಾಡಿಕೊಂಡ ಪಂಡಿತ ಮನೆತನಗಳಿದ್ದವು. ಆ ಪರಂಪರೆಯ ಕೊನೆಯವರಲ್ಲಿ ಒಬ್ಬನಾದ ಡುವಾಲ್ಡ್ ಮ್ಯಾಕ್‌ಫರ್ಬಿಸ್ 1650ರ ಸುಮಾರಿಗೆ ಗಾಲ್ವೇ ಪಟ್ಟಣದಲ್ಲಿ ಕುಳಿತು ಗೇಲಿಕ್ ವಂಶಗಳ ಬೃಹತ್ ಸಂಕಲನವೊಂದನ್ನು ಬರೆದು ಮುಗಿಸಿದ. ಅವರು ದೊರೆಗಳ, ಗಣನಾಯಕರ ಮನೆತನಗಳನ್ನು ಹೇಳಿದರೇ ಹೊರತು ಸಾಮಾನ್ಯ ಒಕ್ಕಲನ್ನಲ್ಲ. ಒಕ್ಕಲಿನ ವಂಶಾವಳಿ ಉಳಿದದ್ದು ಅಜ್ಜಿಯರ ಬಾಯಲ್ಲಿ, ತೀರಿಕೊಂಡವರ ಸ್ಮರಣೆಗೆ ಹಂಚುತ್ತಿದ್ದ ಪ್ರಾರ್ಥನಾ ಚೀಟಿಗಳಲ್ಲಿ, ಅಮೆರಿಕದಿಂದ ಬಂದ ಕಾಗದಗಳಲ್ಲಿ. ಈ ನೆನಪುಗಳಲ್ಲಿ ನಂಬಬೇಕಾದದ್ದು ಘಟನೆಗಳಿಗಿಂತ ಸಂಬಂಧ ಮತ್ತು ಸ್ಥಳಗಳನ್ನು. ಎಲ್ಲಿಸ್ ಐಲೆಂಡಿನ ಅಧಿಕಾರಿ ತಮ್ಮ ಮನೆತನದ ಹೆಸರನ್ನೇ ಬದಲಿಸಿಬಿಟ್ಟ ಎಂದು ಅಸಂಖ್ಯ ಕುಟುಂಬಗಳು ಹೇಳುತ್ತವೆ. ಅಲ್ಲಿನ ಅಧಿಕಾರಿಗಳು ಹೆಸರು ಬರೆಯುತ್ತಿರಲಿಲ್ಲ, ಹಡಗು ಹೊರಟ ಬಂದರಿನಲ್ಲೇ ತಯಾರಾದ ಪಟ್ಟಿಯನ್ನು ಓದಿ ಪರಿಶೀಲಿಸುತ್ತಿದ್ದರು. ಕ್ಷಾಮದ ಕಾಲದಲ್ಲಿ ತಮ್ಮ ಹಿರಿಯರು ಎಲ್ಲಿಸ್ ಐಲೆಂಡಿಗೆ ಬಂದಿಳಿದರೆನ್ನುವವರಿಗಂತೂ, ಆ ಕೇಂದ್ರ ತೆರೆಯಲು ಆಗಿನ್ನೂ ನಲವತ್ತು ವರ್ಷ ಬಾಕಿಯಿತ್ತು ಎಂಬುದಷ್ಟೇ ಉತ್ತರ. ಆದರೆ ಅದೇ ಅಜ್ಜಿ ಯಾವುದೋ ಬೆಟ್ಟದ, ಹೊಳೆಯ, ಸಂತೆಯೂರಿನ ಹೆಸರನ್ನು ವಿಚಿತ್ರ ಉಚ್ಚಾರಣೆಯಲ್ಲಿ ಹೇಳಿದರೆ ಅದನ್ನು ಕೇಳಿದ ಹಾಗೆಯೇ ಬರೆದುಕೊಳ್ಳಬೇಕು. ಟೌನ್‌ಲ್ಯಾಂಡು ಆ ಉಚ್ಚಾರಣೆಯೊಳಗೇ ಅಡಗಿರುವ ಸಂಭವ ಹೆಚ್ಚು.

ಇತ್ತೀಚಿನ ಸಾಧನ ಡಿಎನ್‌ಎ. ಜೀವಕೋಶದಲ್ಲಿರುವ ಈ ರಾಸಾಯನಿಕ ಬರಹದ ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ ಬರುತ್ತದೆ. ವಂಶಾವಳಿಗೆ ಬಳಸುವ ಪರೀಕ್ಷೆಗಳು ಮೂರು ಬಗೆಯವು. ವೈ ವರ್ಣತಂತು ತಂದೆಯಿಂದ ಗಂಡುಮಗನಿಗೆ ಮಾತ್ರ ಇಳಿಯುವುದರಿಂದ ಅದರ ಪರೀಕ್ಷೆ ಗಂಡುಸಂತತಿಯ ಒಂದೇ ಎಳೆಯನ್ನು ಬಹು ಹಿಂದಕ್ಕೆ ಒಯ್ಯುತ್ತದೆ. ಜೀವಕೋಶದ ಮೈಟೊಕಾಂಡ್ರಿಯ ಎಂಬ ಭಾಗದ ಡಿಎನ್‌ಎ ತಾಯಿಯಿಂದ ಮಾತ್ರ ಬರುವುದರಿಂದ ತಾಯಿಯ ತಾಯಿಯ ಎಳೆಯನ್ನು ತೋರಿಸುತ್ತದೆ. ಹೆಚ್ಚು ಬಳಕೆಯಲ್ಲಿರುವುದು ಮೂರನೆಯದು: ಲಿಂಗ ನಿರ್ಧರಿಸುವ ಜೋಡಿಯನ್ನು ಬಿಟ್ಟು ಉಳಿದ 22 ಜೋಡಿ ವರ್ಣತಂತುಗಳಲ್ಲಿ ಲಕ್ಷಗಟ್ಟಲೆ ಬಿಂದುಗಳನ್ನು ಓದಿ, ಪರೀಕ್ಷೆ ಮಾಡಿಸಿಕೊಂಡ ಇತರರೊಂದಿಗೆ ಹೋಲಿಸುವ ವಿಧಾನ. ಎಂಜಲಿನ ಮಾದರಿಯನ್ನು ಅಂಚೆಯಲ್ಲಿ ಕಳುಹಿಸಿದರೆ ಕೆಲವು ವಾರಗಳಲ್ಲಿ ಸಂಬಂಧಿಕರ ಪಟ್ಟಿ ಬರುತ್ತದೆ. ಒಂದೇ ಅಜ್ಜ-ಅಜ್ಜಿಯ ಮೊಮ್ಮಕ್ಕಳಾದವರಲ್ಲಿ ಸರಾಸರಿ 12.5 ಶೇಕಡಾ, ಒಂದೇ ಮುತ್ತಜ್ಜ-ಮುತ್ತಜ್ಜಿಯ ಮರಿಮಕ್ಕಳಲ್ಲಿ ಸುಮಾರು 3 ಶೇಕಡಾ, ಅದಕ್ಕೂ ಒಂದು ತಲೆಮಾರು ಹಿಂದಿನ ದಂಪತಿಯ ಸಂತತಿಯಲ್ಲಿ 1 ಶೇಕಡಾಕ್ಕಿಂತ ಕಡಿಮೆ ಡಿಎನ್‌ಎ ಸಮಾನವಾಗಿರುತ್ತದೆ. ಈ ಕೊನೆಯ ಗುಂಪಿನಲ್ಲಿ ಹತ್ತರಲ್ಲಿ ಒಂದು ಜೋಡಿಗೆ ಗುರುತಿಸಬಹುದಾದ ಯಾವ ತುಣುಕೂ ಸಮಾನವಾಗಿರುವುದಿಲ್ಲ. ಇನ್ನೂ ಒಂದು ತಲೆಮಾರು ಹಿಂದಕ್ಕೆ ಹೋದರೆ ಸುಮಾರು ಅರ್ಧದಷ್ಟು ಜೋಡಿಗಳದು ಇದೇ ಸ್ಥಿತಿ. ಹೀಗಾಗಿ ಹೋಲಿಕೆ ಸಿಗದಿದ್ದರೆ ಸಂಬಂಧವಿಲ್ಲವೆಂದು ಹೇಳಲಾಗದು, ಮತ್ತು ಕುಟುಂಬದಲ್ಲಿ ಮೊದಲು ಪರೀಕ್ಷೆ ಮಾಡಿಸಬೇಕಾದವರು ಉತ್ಸಾಹಿ ತರುಣರಲ್ಲ, ಮೂಲಕ್ಕೆ ಒಂದೆರಡು ತಲೆಮಾರು ಹತ್ತಿರವಿರುವ ಹಿರಿಯರು. ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲೂ ದ್ವೀಪಗಳಲ್ಲೂ ನೆರೆಯೂರುಗಳೊಳಗೇ ತಲೆತಲಾಂತರದಿಂದ ಮದುವೆಗಳು ನಡೆದಿರುವುದರಿಂದ ಇಬ್ಬರ ನಡುವೆ ಮೂರು ನಾಲ್ಕು ಬೇರೆ ಬೇರೆ ಸಂಬಂಧಗಳಿದ್ದು, ದೂರದವರೂ ಹತ್ತಿರದವರಂತೆ ತೋರುವ ತೊಂದರೆ ಬೇರೆ. ಇಂಥ ಕಡೆ ಶೇಕಡಾವಾರು ಅಂಕಿಗಿಂತ, ಹೋಲಿಕೆಯಾದವರ ಪೈಕಿ ಎಷ್ಟು ಜನರ ಹಿರಿಯರು ಒಂದೇ ಟೌನ್‌ಲ್ಯಾಂಡಿನಿಂದ ಬಂದವರು ಎಂಬುದೇ ಹೆಚ್ಚು ಹೇಳುತ್ತದೆ.

ಕಂಪನಿಗಳು ದೊಡ್ಡ ಅಕ್ಷರಗಳಲ್ಲಿ ಮಾರುವುದು ಮಾತ್ರ ‘ನೀವು 62 ಶೇಕಡಾ ಐರಿಷ್’ ಎಂಬಂಥ ಅಂದಾಜುಗಳನ್ನು. ಅವು ಹೋಲಿಕೆಗೆ ಬಳಸುವ ಮಾದರಿಗಳನ್ನು ಅವಲಂಬಿಸಿದ್ದು, ಮಾದರಿಗಳು ಪರಿಷ್ಕಾರವಾದಾಗಲೆಲ್ಲ ಬದಲಾಗುತ್ತವೆ. ವೈ ವರ್ಣತಂತುವಿನ ವಿಷಯದಲ್ಲೂ ಇದೇ ಬಗೆಯ ಉತ್ಸಾಹ ಕಂಡುಬಂದಿತ್ತು. ಟ್ರಿನಿಟಿ ಕಾಲೇಜಿನ ವಿಜ್ಞಾನಿಗಳು 2006ರಲ್ಲಿ, ವಾಯವ್ಯ ಐರ್ಲೆಂಡಿನ ಗಂಡಸರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಒಂದೇ ಬಗೆಯ ವೈ ಗುರುತು ಇರುವುದನ್ನು ತೋರಿಸಿ, ಅದರ ಮೂಲ ಐದನೆಯ ಶತಮಾನದವನೆಂದು ಹೇಳಲಾಗುವ ನಿಯಲ್ ಎಂಬ ದೊರೆಯೂ ಅವನ ವಂಶವೂ ಆಗಿರಬಹುದೆಂದು ಸೂಚಿಸಿದರು. ರಾಜವಂಶದ ಪ್ರಮಾಣಪತ್ರ ಬಯಸಿದವರಿಗೆ ಇಷ್ಟು ಸಾಕಾಯಿತು. ನಂತರದ ಕಾಲನಿರ್ಣಯಗಳು ಆ ಗುರುತು ನಿಯಲ್‌ನ ಕಾಲಕ್ಕಿಂತ ಹಳೆಯದೆಂದು ಸೂಚಿಸುವುದರಿಂದ, ಅದನ್ನು ಹೊತ್ತವರೆಲ್ಲ ಅವನ ಸಂತಾನವೆನ್ನಲು ಆಧಾರವಿಲ್ಲ. ಇದಕ್ಕಿಂತ ಗಟ್ಟಿಯಾದ ಕೆಲಸ 2017ರಲ್ಲಿ ಪ್ರಕಟವಾದ ‘ಐರಿಷ್ ಡಿಎನ್‌ಎ ಅಟ್ಲಾಸ್’. ತಮ್ಮ ಎಂಟೂ ಮಂದಿ ಮುತ್ತಜ್ಜ-ಮುತ್ತಜ್ಜಿಯರು ಒಂದೇ ಸೀಮೆಯಲ್ಲಿ, ಪರಸ್ಪರ 50 ಕಿಲೋಮೀಟರಿನೊಳಗೆ ಹುಟ್ಟಿದವರೆಂದು ದಾಖಲೆಗಳಿಂದ ತೋರಿಸಬಲ್ಲವರನ್ನಷ್ಟೇ ಅದಕ್ಕೆ ಆರಿಸಿಕೊಳ್ಳಲಾಯಿತು. ಫಲವಾಗಿ ಕಂಡ ಹತ್ತು ಗುಂಪುಗಳಲ್ಲಿ ಏಳು ಗೇಲಿಕ್ ಐರಿಷ್ ಮೂಲದವು, ಮೂರು ಬ್ರಿಟಿಷ್ ಬೆರಕೆಯವು. ಈ ಮೂರರ ಹಿಂದೆ 17ನೆಯ ಶತಮಾನದಲ್ಲಿ ಉತ್ತರದ ಅಲ್‌ಸ್ಟರ್ ಪ್ರಾಂತ್ಯಕ್ಕೆ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನಿಂದ ಜನರನ್ನು ತಂದು ನೆಲೆಗೊಳಿಸಿದ ಇತಿಹಾಸವಿದೆ. ಗುಂಪುಗಳ ಹರವು ಹಳೆಯ ಪ್ರಾಂತ್ಯಗಳ ಗಡಿಗಳಿಗೆ ಹತ್ತಿರವಾಗಿ ಹೊಂದಿಕೊಂಡಿತು. ಪ್ರಯೋಗಾಲಯಕ್ಕೆ ಈ ನಕಾಶೆ ಸಿಕ್ಕಿದ್ದು ಚರ್ಚಿನ ಪುಸ್ತಕಗಳಲ್ಲಿ ಊರುಗಳನ್ನು ಮೊದಲೇ ಹುಡುಕಿಟ್ಟಿದ್ದ ವಂಶಾವಳಿ ಹವ್ಯಾಸಿಗಳಿಂದ ಎಂಬುದನ್ನು ಮರೆಯುವಂತಿಲ್ಲ.

ಡಿಎನ್‌ಎ ಅತಿ ಹೆಚ್ಚು ಬಳಕೆಗೆ ಬಂದಿರುವುದು ದಾಖಲೆಯನ್ನೇ ಮುಚ್ಚಿಟ್ಟ ಕಡೆ. ಮದುವೆಯಾಗದೆ ಗರ್ಭಿಣಿಯರಾದ ಹೆಂಗಸರನ್ನು ಸೇರಿಸುತ್ತಿದ್ದ, ಹೆಚ್ಚಾಗಿ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಆಶ್ರಮಗಳಿಂದ ಸಾವಿರಾರು ಮಕ್ಕಳು ದತ್ತು ಹೋದರು, ಅವರಲ್ಲಿ ಅನೇಕರು ಅಮೆರಿಕಕ್ಕೆ. ಹಲವರ ಜನನವನ್ನು ಸಾಕು ತಂದೆತಾಯಿಗಳ ಹೆಸರಿನಲ್ಲೇ ಸುಳ್ಳಾಗಿ ನೋಂದಾಯಿಸಲಾಗಿತ್ತು. ಅಂಥವರಿಗೆ ಕಾಗದದ ದಾರಿ ಮುಚ್ಚಿದ್ದು, ಅಪರಿಚಿತ ದಾಯಾದಿಯೊಬ್ಬರ ಪರೀಕ್ಷೆಯೇ ಬಾಗಿಲಾಯಿತು. ದತ್ತು ಹೋದವರಿಗೆ ತಮ್ಮ ಮೂಲ ಜನನ ಪ್ರಮಾಣಪತ್ರ ಪಡೆಯುವ ಹಕ್ಕನ್ನು ಐರ್ಲೆಂಡ್ ಕಾನೂನಿನ ಮೂಲಕ ಪೂರ್ಣವಾಗಿ ಕೊಟ್ಟದ್ದು 2022ರಲ್ಲಿ. ಗಾಲ್ವೇ ಕೌಂಟಿಯ ಟ್ಯೂಮ್ ಪಟ್ಟಣದ ಇಂಥದೊಂದು ಆಶ್ರಮದಲ್ಲಿ ಸತ್ತ 796 ಮಕ್ಕಳ ಮರಣ ಪತ್ರಗಳನ್ನು ಸ್ಥಳೀಯ ಇತಿಹಾಸಕಾರ್ತಿ ಕ್ಯಾಥರೀನ್ ಕಾರ್ಲೆಸ್ ಒಂದೊಂದಾಗಿ ಹಣ ತೆತ್ತು ತರಿಸಿಕೊಂಡು, ಅವರ ಸಮಾಧಿಯ ದಾಖಲೆ ಎಲ್ಲಿಯೂ ಇಲ್ಲವೆಂದು ತೋರಿಸಿದ್ದರಿಂದ ದೇಶವೇ ತಲ್ಲಣಿಸಿತು. ಅಲ್ಲಿ 2025ರಲ್ಲಿ ಉತ್ಖನನ ಆರಂಭವಾಗಿದ್ದು, ಅವಶೇಷಗಳನ್ನು ಗುರುತಿಸಲು ಬದುಕಿರುವ ಬಂಧುಗಳಿಂದ ಡಿಎನ್‌ಎ ಮಾದರಿ ಪಡೆಯಲಾಗುತ್ತಿದೆ. ಪರೀಕ್ಷೆಗೆ ಒಡ್ಡಿಕೊಳ್ಳುವ ಸಾಮಾನ್ಯ ಕುಟುಂಬಗಳೂ ಇಂಥ ಅನಿರೀಕ್ಷಿತ ಸತ್ಯಗಳಿಗೆ ಸಿದ್ಧವಾಗಿರಬೇಕಾಗುತ್ತದೆ, ಏಕೆಂದರೆ ಒಬ್ಬರು ಕೊಡುವ ಮಾದರಿ ಒಪ್ಪಿಗೆ ಕೊಡದ ಅಣ್ಣತಮ್ಮಂದಿರ, ಅಕ್ಕತಂಗಿಯರ ಗುಟ್ಟನ್ನೂ ಬಿಚ್ಚಿಡುತ್ತದೆ. ಮಾಹಿತಿಯ ಭದ್ರತೆಯ ಪ್ರಶ್ನೆಯೂ ಇದೆ. 2023ರಲ್ಲಿ ಡಿಎನ್‌ಎ ಪರೀಕ್ಷೆ ನಡೆಸುವ ದೊಡ್ಡ ಕಂಪನಿಯೊಂದರ ಸುಮಾರು 69 ಲಕ್ಷ ಗ್ರಾಹಕರ ವಿವರಗಳು ಕಳುವಾದವು.

ಈ ಶೋಧದ ಒಂದು ಎಳೆ ಕರ್ನಾಟಕಕ್ಕೂ ಬರುತ್ತದೆ. 1830ರ ಸುಮಾರಿಗೆ ಬ್ರಿಟಿಷ್ ಸೇನೆಯ ಸಿಪಾಯಿಗಳಲ್ಲಿ ಹತ್ತರಲ್ಲಿ ನಾಲ್ವರು ಐರ್ಲೆಂಡಿನಲ್ಲಿ ಹುಟ್ಟಿದವರು. ಈಸ್ಟ್ ಇಂಡಿಯಾ ಕಂಪನಿಯ ಯುರೋಪಿಯನ್ ಪಡೆಗಳಲ್ಲೂ ಅವರ ಪ್ರಮಾಣ ದೊಡ್ಡದು. 1809ರಲ್ಲಿ ಆರಂಭವಾದ ಬೆಂಗಳೂರು ದಂಡುಪ್ರದೇಶದಲ್ಲಿ ಇಂಥ ಸಿಪಾಯಿಗಳು ಬೀಡುಬಿಟ್ಟು, ಕೆಲವರು ಇಲ್ಲಿಯೇ ಮದುವೆಯಾಗಿ ನೆಲೆಸಿದ್ದರಿಂದ, ನಗರದ ಆಂಗ್ಲೊ-ಇಂಡಿಯನ್ ಕುಟುಂಬಗಳಲ್ಲಿ ಐರಿಷ್ ಮನೆತನದ ಹೆಸರುಗಳು ಉಳಿದುಬಂದಿವೆ. ಅವರ ಜ್ಞಾನಸ್ನಾನ, ಮದುವೆ, ಸಮಾಧಿಯ ವಿವರಗಳ ಪ್ರತಿಗಳು ಮದರಾಸು ಪ್ರೆಸಿಡೆನ್ಸಿಯ ಚರ್ಚು ದಾಖಲೆಗಳೊಂದಿಗೆ ಲಂಡನ್ನಿಗೆ ಹೋಗುತ್ತಿದ್ದವು, ಈಗ ಬ್ರಿಟಿಷ್ ಗ್ರಂಥಾಲಯದ ಇಂಡಿಯಾ ಆಫೀಸ್ ಸಂಗ್ರಹದಲ್ಲಿವೆ. ಅವುಗಳಲ್ಲಿ ತಂದೆಯ ಹುದ್ದೆ, ರೆಜಿಮೆಂಟುಗಳು ಸಿಕ್ಕರೂ ಐರ್ಲೆಂಡಿನ ಊರು ಸಿಗುವುದಿಲ್ಲ. ಅದಕ್ಕೆ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆಗಳ ಸಂಸ್ಥೆಯಲ್ಲಿ ಸಿಪಾಯಿಗಳ ನಿವೃತ್ತಿ ಪತ್ರಗಳನ್ನು ನೋಡಬೇಕು. ಸೇನೆಗೆ ಸೇರಿದವನು ಇಂಥ ಕೌಂಟಿಯಲ್ಲಿ, ಇಂಥ ಪಟ್ಟಣದ ಹತ್ತಿರ, ಇಂಥ ಪ್ಯಾರಿಷ್‌ನಲ್ಲಿ ಹುಟ್ಟಿದವನೆಂದು ಆ ಪತ್ರದ ಮೊದಲ ಸಾಲುಗಳಲ್ಲೇ ಬರೆದಿರುತ್ತದೆ.